ಬಸ್ಸು ಹೋಗದ ಊರಿಗೆ

ಅಂಡಮಾನಿಗೆ ಹೋಗೋಣವೇ ಎಂದಾಗ ಅಕ್ಕ ಮೊದಲು ಕೇಳಿದ್ದು ಅಲ್ಲಿಗೆ ಬಸ್ಸು ಹೋಗುತ್ತದಾ ಎಂದು. ಇಲ್ಲ ಎಂದೆ. ರೈಲು? ಅದೂ ಇಲ್ಲ. "ಬೈಕಲ್ಲಿ ಬರಕ್ಕಾಯ್ತದಾ?" ಎಂದಳು. ಸಮುದ್ರದ ಮೇಲೆ ಬೈಕು ಹೆಂಗೇ ಬರುತ್ತೆ ಎಂದು ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. "ಹಂಗಾದ್ರೆ ಹೋಗಾಣ ಕಣೇ" ಎಂದಳು.

ಆಗ ನಾವಿಬ್ಬರೂ ಲಕ್ಕವಳ್ಳಿ ಡ್ಯಾಮಿನ ಹಿನ್ನೀರಿನ ಅಂಚಿನಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದೆವು. ಕಣ್ಣು ತೋರಿಸಿಕೊಳ್ಳಲು ತರೀಕೆರೆಗೆ ನನ್ನ ಮನೆಗೆ ಬಂದಿದ್ದವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಕರೆದೊಯ್ದಿದ್ದೆ. ನೀರಿನ ನಡುವೆ ಗುಡ್ಡದ ನೆತ್ತಿಗಳು ಅಲ್ಲಲ್ಲಿ ಎದ್ದು ನಿಂತಿದ್ದವು. ಅಲ್ಲಿ ಯಾರಿರುತ್ತಾರೆ ಎಂದು ಅಕ್ಕ ಕೇಳಿದಳು. ಹಕ್ಕಿಗಳು ಅಷ್ಟೇ ಎಂದೆ. "ಗಂಡಸರು ಯಾರೂ ಇಲ್ವಾ?" ಎಂದು ಕೇಳಿ ತುಂಬ ಹೊತ್ತು ಅದನ್ನೇ ನೋಡುತ್ತ ಕೂತಳು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಇತ್ತು. ಆ ಕೈಯ ಕಿರುಬೆರಳು ಸೊಟ್ಟಗಿದೆ. ಭಾವ ಬಾಗಿಲಿಗೆ ಸಿಕ್ಕಿಸಿ ಮುರಿದದ್ದು. ಅದನ್ನು ನೋಡಿಯೇ ನಾನು ಅಂಡಮಾನ್ ಎಂದು ಬಾಯಿಬಿಟ್ಟಿದ್ದು.

ಭಾವನ ವಿಷಯ ಹೇಳಿಬಿಡುತ್ತೇನೆ, ಹೇಳದಿದ್ದರೆ ನನಗೆ ಉಸಿರು ಕಟ್ಟುತ್ತದೆ. ಅವನಿಗೆ ಬಹುವಚನ ಕೊಡುವುದನ್ನು ನಾನು ಯಾವತ್ತೋ ಬಿಟ್ಟಿದ್ದೇನೆ. ಯಗಟಿಯಲ್ಲಿ ತೆಂಗಿನ ತೋಟವಿದೆ, ರಾಗಿ ಹೊಲವಿದೆ, ಒಂದು ಮಂದೆ ಕುರಿಯಿದೆ. ಕುಡಿದು ಹೊಡೆಯುತ್ತಾನೆ ಎಂದರೆ ಕೇಳಿದವರಿಗೂ ಒಂದು ಸಮಾಧಾನ. ಇವನು ಬೀಡಿ ಕೂಡ ಸೇದುವವನಲ್ಲ. ಊರಲ್ಲಿ ಯಾರ ಮನೆಯಲ್ಲಿ ಜಗಳವಾದರೂ ನ್ಯಾಯ ಹೇಳಲು ಇವನೇ ಬೇಕು. ನ್ಯಾಯ ಹೇಳಿ ಬಂದು, ಕೈಕಾಲು ತೊಳೆದು ಊಟಕ್ಕೆ ಕೂತು, ಸಾರಿಗೆ ಉಪ್ಪು ಕಮ್ಮಿಯಾಗಿದೆ ಎಂದು ತಟ್ಟೆಯನ್ನೇ ಎತ್ತಿ ಅಕ್ಕನ ಮುಖಕ್ಕೆ ಬಾರಿಸುತ್ತಿದ್ದ. ಕುರಿಮರಿ ಸತ್ತರೆ ಹೊಡೆತ, ಕೊಬ್ಬರಿ ರೇಟು ಬಿದ್ದರೆ ಹೊಡೆತ, ಟೀವಿಯಲ್ಲಿ ಕ್ರಿಕೆಟ್ ಸೋತರೆ ಹೊಡೆತ. ಒಬ್ಬಳೇ ಮಗಳು ಮದುವೆಯಾಗಿ ಅಜ್ಜಂಪುರಕ್ಕೆ ಹೋದಮೇಲೆ ಆ ಮನೆಯಲ್ಲಿ ಅಡ್ಡ ಬರುವವರೂ ಇಲ್ಲವಾದರು. ಥೂ, ಅವನ ಜನ್ಮಕ್ಕಿಷ್ಟು!

ಅಕ್ಕ ತವರಿಗೆ ಓಡಿಬರಲಿಲ್ಲವೇ ಎಂದು ಕೇಳಬಹುದು. ಬಂದಳು, ಎಷ್ಟೋ ಸಲ. ಸಿಂಗಟಗೆರೆಯಲ್ಲಿ ಅಣ್ಣನ ಮನೆಯಲ್ಲಿ ನಮ್ಮ ಅವ್ವ ಇದ್ದಾಳೆ. ಅವ್ವ ಗಾಯಕ್ಕೆ ಅರಿಶಿನ ಮೆತ್ತುವಳು, ಬಿಸಿ ಮುದ್ದೆ ಉಣ್ಣಿಸುವಳು, ಮುಖದ ಊತ ಇಳಿಯುತ್ತಿದ್ದಂತೆ ಮಡಿಲು ತುಂಬುವಳು. ನಮ್ಮಲ್ಲಿ ಹೆಣ್ಣುಮಕ್ಕಳನ್ನು ತವರಿನಿಂದ ಬರಿಗೈಯಲ್ಲಿ ಕಳಿಸುವುದಿಲ್ಲ. ಸೆರಗಿನಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ ತುಂಬಿ, ಹಣೆಗೆ ಕುಂಕುಮ ಇಟ್ಟು ಕಳಿಸುತ್ತಾರೆ. ಮಡಿಲು ತುಂಬಿತೆಂದರೆ ಆ ಮನೆಯಲ್ಲಿ ಮತ್ತೆ ಕೂರುವಂತಿಲ್ಲ, ಹೊರಟುಬಿಡಬೇಕು. ನೋಡುವವರಿಗೆ ಚೆಂದದ ಶಾಸ್ತ್ರ. ಒಡೆದ ತುಟಿಯ ಅಕ್ಕ ಅಕ್ಕಿ ಹೊತ್ತುಕೊಂಡು ಯಗಟಿ ಬಸ್ಸು ಹತ್ತುವುದನ್ನು ನೋಡಿದ ನನಗೆ ಮಾತ್ರ ಆ ಅಕ್ಕಿಯ ಮೊರ ಕಂಡರೇ ಮೈ ಉರಿಯುತ್ತಿತ್ತು. "ಕಡಿಯೋ ಕುರಿಗೆ ಹೂ ಮುಡಿಸ್ದಂಗೆ ಮಾಡ್ತೀಯಲ್ಲವ್ವಾ" ಎಂದು ನಾನು ಕೂಗಾಡಿದರೆ ಅವ್ವ, "ಗಂಡನ ಮನೆ ಬಿಟ್ಟು ಇನ್ನೆಲ್ಲಿಗೆ ಕಳಿಸ್ಲೇ?" ಎನ್ನುವಳು.

ನಾನು ಹೈಸ್ಕೂಲಿನಲ್ಲಿ ಆಟದ ಮೇಡಂ ಆಗಿದ್ದವಳು. ಗಂಡ ತೀರಿಕೊಂಡಿದ್ದಾರೆ, ನೌಕರಿಯಿಂದ ರಿಟೈರ್ ಆಗಿದ್ದೇನೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನಮ್ಮ ಮನೆತನದಲ್ಲಿ ಒಬ್ಬರಿಗಾದರೂ ಇರಬೇಕಲ್ಲ. ಒಮ್ಮೆ ಭಾವನಿಗೆ ಅವನ ಜಗಲಿಯಲ್ಲೇ ಚಪ್ಪಲಿ ತೋರಿಸಿದ್ದೆ. ಆ ಸೇಡನ್ನು ಅವನು ನಾನು ಬೆನ್ನು ತಿರುಗಿಸಿದ ಮೇಲೆ ಅಕ್ಕನ ಮೈಮೇಲೆ ತೀರಿಸಿಕೊಂಡ. ಅವತ್ತಿನಿಂದ ಆ ಮನೆ ಹೊಸಿಲು ತುಳಿದಿರಲಿಲ್ಲ. ಹೊಡೆತ ನಿಲ್ಲಿಸುವುದು ನನ್ನಿಂದ ಆಗಲಿಲ್ಲ, ಒಂದು ವಾರವಾದರೂ ಯಾರ ಕೈಯೂ ಅವಳ ಮೈಮೇಲೆ ಬೀಳದ ಜಾಗಕ್ಕೆ ಕರೆದೊಯ್ಯುತ್ತೇನೆ ಎಂದು ಹಟಕ್ಕೆ ಬಿದ್ದೆ.

ಪ್ಲಾನು ಹಾಕಲು ಕೂತರೆ ನನಗೆ ಗೊತ್ತಿದ್ದದ್ದು ಒಂದೇ ತರಹದ ಪ್ರವಾಸ. ನಮ್ಮ ಕಡೆ ಪ್ರವಾಸವೆಂದರೆ ಕೋಳಿ ಕೂಗುವ ಮೊದಲು ತಣ್ಣೀರು ಸ್ನಾನ, ಒಂದು ದಿನದಲ್ಲಿ ಕೈಗೆ ಸಿಕ್ಕಷ್ಟು ದೇವಸ್ಥಾನ, ಓಡುವ ಬಸ್ಸಿನಲ್ಲೇ ಪುಳಿಯೋಗರೆ, ಹತ್ತಿ ಹತ್ತಿ ಎಂದು ಸೀಟಿ. ಶಾಲೆಯ ಮಕ್ಕಳನ್ನು ಹಾಗೆಯೇ ಎಳೆದಾಡಿದವಳು ನಾನು. ಅಂಡಮಾನಿಗೂ ಅದನ್ನೇ ಹಾಕಿದೆ. ಬೆಳಿಗ್ಗೆ ಒಂದು ಬೀಚು, ಮಧ್ಯಾಹ್ನ ಒಂದು ಗುಡ್ಡ, ಸಂಜೆ ದೋಣಿ ಹತ್ತಿ ಇನ್ನೊಂದು ದ್ವೀಪ, ಮರುದಿನ ಮತ್ತೊಂದು. ಹೋದ ಮೇಲೆ ಏನನ್ನೂ ಬಿಡಬಾರದಲ್ಲ!

ಅಕ್ಕನ ಜೊತೆ ಇದನ್ನೆಲ್ಲ ಮಾತಾಡಲು ಆಗುತ್ತಿದ್ದುದು ಅವಳು ಅಟ್ಟ ಹತ್ತಿದಾಗ ಮಾತ್ರ. ಕಾಯಿಯೊಳಗೆ ಕೊಬ್ಬರಿ ಕಳಚಿ ಗಡಗಡ ಅನ್ನುವವರೆಗೆ ನಮ್ಮ ಕಡೆ ತೆಂಗಿನಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡುತ್ತಾರೆ. ಭಾವನಿಗೆ ಮಂಡಿನೋವು, ಏಣಿ ಹತ್ತಲಾರ. ಕಾಯಿ ಹೊರಳಿಸುವ ನೆಪದಲ್ಲಿ ಅಕ್ಕ ಮೇಲೆ ಹೋಗಿ, ಕಾಯಿಗಳ ನಡುವೆ ಕೂತು, ಬಾಯಿಗೆ ಸೆರಗು ಅಡ್ಡ ಹಿಡಿದು ಫೋನಿನಲ್ಲಿ ಪಿಸುಗುಡುವಳು. ಮಧ್ಯೆ ಮಧ್ಯೆ ಒಂದು ಕಾಯಿ ಉರುಳಿಸಿ ಸದ್ದು ಮಾಡುವಳು. ಕೆಳಗಿರುವವನಿಗೆ ಕೆಲಸ ನಡೆಯುತ್ತಿದೆ ಎಂದು ಗೊತ್ತಾಗಬೇಕಲ್ಲ.

"ಜೈಲು ತೆಗ್ದಾಕು" ಎಂದಳು ಮೊದಲ ದಿನವೇ.

"ಅಂಡಮಾನಿಗೆ ಹೋದೋರೆಲ್ಲ ಆ ಜೈಲು ನೋಡ್ತಾರೆ ಕಣೇ."

"ಜೈಲು ನೋಡಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಕೋಳಿ ಕೂಗೋ ಮುಂಚೆ ಏಳೋದೂ ತೆಗ್ದಾಕು. ಎಚ್ಚರಾದಾಗ ಏಳ್ತೀನಿ. ದ್ವೀಪ ಎರಡು ಸಾಕು."

"ಬೀಚಲ್ಲಿ ಏನ್ ಮಾಡ್ತೀಯ ಹಂಗಾದ್ರೆ?"

"ಕೂತ್ಕಂತೀನಿ."

"ಆಮೇಲೆ?"

"ಆಮೇಲೂ ಕೂತ್ಕಂತೀನಿ."

ನಾನು ರೇಗಿದೆ. ಕೂರುವುದಕ್ಕೆ ವಿಮಾನ ಹತ್ತಬೇಕೇನೇ ಎಂದು ಬೈದೆ. "ಹೂಂ ಕಣೇ" ಎಂದಳು, ಸ್ವಲ್ಪವೂ ನಾಚಿಕೆಯಿಲ್ಲದೆ. ಹೀಗೆ ಒಂದೊಂದನ್ನೇ ಕಿತ್ತುಹಾಕಿಸುತ್ತ ಹೋದವಳು ಗುಡ್ಡಗಳನ್ನು ಮಾತ್ರ ಬಿಡಲು ಒಪ್ಪಲಿಲ್ಲ. ಕಾಡಿನೊಳಗೆ ಕಾಲುದಾರಿಯಲ್ಲಿ ನಡೆದುಕೊಂಡು ಹೋದರೆ ಕೊನೆಗೆ ಸಮುದ್ರ ಸಿಗುವ ಜಾಗವಿದೆ ಎಂದು ಹೇಳಿದ್ದೆ. ಅದು ಎರಡು ಸಲ ಇರಲಿ ಎಂದಳು. ನಿನಗೆ ಕಾಲುನೋವು ಬರುವುದಿಲ್ಲವೇ ಎಂದರೆ, "ಜನ್ಮವೆಲ್ಲ ಕುರಿ ಹಿಂದೆ ನಡೆದೋಳು ನಾನು. ಹಿಂದಿಂದ ಯಾರೂ 'ಬಾರ್ಲೇ' ಅಂತ ಕೂಗ್ದಿದ್ರೆ ಎಷ್ಟು ದೂರನಾದ್ರೂ ನಡೀತೀನಿ" ಎಂದಳು. ನನ್ನ ಪ್ಲಾನನ್ನು ಪೂರ್ತಿ ಅಳಿಸಿ, ಎರಡು ದ್ವೀಪ, ಬೇಕಾದಷ್ಟು ಮರಳು, ನಡುವೆ ನಡಿಗೆ ಎಂದಷ್ಟೇ ಇಟ್ಟುಕೊಂಡು ಟಿಕೆಟ್ ಮಾಡಿಸಿದೆ. ಮಗಳ ಮನೆಗೆ ಅಜ್ಜಂಪುರಕ್ಕೆ ಹೋಗಿಬರುತ್ತೇನೆ ಎಂದು ಅಕ್ಕ ಗಂಡನಿಗೆ ಹೇಳುವುದು, ಅಲ್ಲಿಂದ ನಾನು ಕರೆದುಕೊಂಡು ಹೋಗುವುದು ಎಂದು ಮಾತಾಯಿತು.

ಈ ಸುಳ್ಳಿಗೆ ಮಗಳನ್ನೂ ಸೇರಿಸಿಕೊಳ್ಳಬೇಕಾಯಿತು. ಎಲ್ಲವನ್ನೂ ಹೇಳಿ, ಬಾಯಿ ಬಿಡಬೇಡ ಕಣೇ ತಾಯಿ ಎಂದು ಕೈ ಮುಗಿದು ಬಂದೆ. ಅವಳು ಕೆಟ್ಟವಳೇನಲ್ಲ. ಆದರೆ ಅಮ್ಮ ಇಲ್ಲದಿದ್ದರೆ ಅಪ್ಪ ಊಟಕ್ಕೆ ಏನು ಮಾಡುತ್ತಾರೆ ಎಂಬ ಚಿಂತೆ ಹತ್ತಿತಂತೆ. ಫೋನು ಮಾಡಿ, "ಅಪ್ಪಾ, ಅಮ್ಮ ಚಿಕ್ಕಮ್ಮನ ಜೊತೆ ಅಂಡಮಾನಿಗೆ ಹೋದಾಗ ನೀವು ಇಲ್ಲಿಗೇ ಬಂದ್ಬಿಡಿ, ಇಲ್ಲೇ ಉಣ್ಣೀರಂತೆ" ಎಂದುಬಿಟ್ಟಳು! ಹೊಡೆಯುವವನ ಹೊಟ್ಟೆ ಹಸಿಯಬಾರದು ನೋಡಿ. ನಮ್ಮ ಹೆಣ್ಣುಮಕ್ಕಳನ್ನು ಹಾಗೆಯೇ ಬೆಳೆಸಿರುವುದು.

ಆ ಫೋನು ಬಂದಾಗ ಅಕ್ಕ ತನ್ನ ಫೋನನ್ನು ಕೆಳಗೇ ಮರೆತು ಅಟ್ಟ ಹತ್ತಿದ್ದಳು. ಭಾವ ಏಣಿ ತೆಗೆದು ಕೊಟ್ಟಿಗೆಯಲ್ಲಿಟ್ಟು ತೋಟಕ್ಕೆ ಹೋದ. ಅಕ್ಕ ಕೂಗಿದರೂ ತಿರುಗಲಿಲ್ಲ. ಮೇಲೆ ಹೆಂಚಿನ ಕಾವು, ಕುಡಿಯಲು ಹನಿ ನೀರಿಲ್ಲ, ಒಣಗಿದ ಕಾಯಿಯಲ್ಲಿ ನೀರೆಲ್ಲಿರುತ್ತದೆ? ಮರುದಿನ ಬೆಳಿಗ್ಗೆ ಏಣಿ ತಂದು ಇಟ್ಟು, ಇಳಿ ಎಂದ. ಅರ್ಧ ಇಳಿಯುವಷ್ಟರಲ್ಲಿ ಏಣಿಯನ್ನು ಒದ್ದ. ಬಿದ್ದವಳು ಏಳುವ ಮುಂಚೆ ಎತ್ತು ಹೊಡೆಯುವ ಬಾರುಕೋಲು ತಗೊಂಡ. "ಎಷ್ಟು ದ್ವೀಪ ನೋಡ್ಬೇಕೇ ನಿನಗೆ? ತಗ, ಇದೊಂದು ದ್ವೀಪ. ಇದು ಇನ್ನೊಂದು" ಎಂದು ಎಣಿಸುತ್ತ ಬೆನ್ನಿಗೆ, ತೊಡೆಗೆ, ಮುಖಕ್ಕೆ ಬಾರಿಸಿದ. ಕೈ ಸೋತಾಗ ನೀರು ಕುಡಿದು ಬಂದು ಮತ್ತೆ ಹೊಡೆದ. ಆಮೇಲೆ ಯಾರದೋ ಮನೆಯ ಪಾಲು ಪಂಚಾಯ್ತಿಗೆ ಹೊತ್ತಾಯಿತೆಂದು ಶರ್ಟು ಹಾಕಿಕೊಂಡು ಹೋದ. ಅಕ್ಕ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ಸಿಂಗಟಗೆರೆಗೆ ಬಂದಳು.

ಅವ್ವ ಫೋನು ಮಾಡಿದಾಗ ನಾನು ಬ್ಯಾಗು ತುಂಬಿ ಮುಗಿಸಿದ್ದೆ. ಮರುದಿನ ಬೆಳಿಗ್ಗೆಯೇ ಬೆಂಗಳೂರಿನಿಂದ ವಿಮಾನ. ಆ ಬ್ಯಾಗನ್ನೇ ಸ್ಕೂಟರಿಗೆ ಹಾಕಿಕೊಂಡು ಸಿಂಗಟಗೆರೆಗೆ ಹೋದೆ. ಅಕ್ಕನ ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು. ತುಟಿ ಸೀಳಿತ್ತು. ರವಿಕೆ ಬಿಚ್ಚಿ ಅರಿಶಿನ ಹಚ್ಚುತ್ತಿದ್ದ ಅವ್ವನ ಕೈಗೆ ಬೆನ್ನಿನ ಚರ್ಮ ಅಂಟಿ ಬರುತ್ತಿತ್ತು. ನಾನು ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ಕಿತ್ತುಕೊಂಡು ಬಾಗಿಲಿಗೆ ಬಂದೆ. ಅವನನ್ನು ಕಡಿದೇ ಹಾಕುತ್ತಿದ್ದೆ, ಬಾಯಿಮಾತಿಗೆ ಹೇಳುತ್ತಿಲ್ಲ. ಅಕ್ಕ ನನ್ನ ಸೆರಗು ಹಿಡಿದು ಎಳೆದಳು. "ನೀನು ಒಳಗೆ ಹೋದ್ರೆ ನನ್ನನ್ಯಾರೇ ಕರ್ಕಂಡು ಹೋಗ್ತಾರೆ?" ಎಂದಳು. ಇಷ್ಟಾದ ಮೇಲೂ ಬರುತ್ತೀಯಾ ಎಂದು ಕೇಳಿದೆ. "ಇಷ್ಟು ಏಟು ತಿಂದು ಬಿಡ್ತೀನಾ?" ಎಂದಳು.

ಮಧ್ಯಾಹ್ನ ಭಾವ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಬಂದ. ಜಗಲಿಯಲ್ಲಿ ಚಾಪೆ ಹಾಸಿದ್ದಾಯಿತು, ನೀರು ಬೆಲ್ಲ ಬಂತು. ಅಣ್ಣ ನೆಲ ನೋಡುತ್ತ ಕೂತ. ಅವರಲ್ಲಿ ದೊಡ್ಡವರು, "ನೋಡಮ್ಮಾ, ಅವನು ಕೈ ಮಾಡಿದ್ದು ತಪ್ಪೇ. ಆದ್ರೆ ಈ ವಯಸ್ನಲ್ಲಿ ಹೆಂಗಸು ಗಂಡನಿಗೆ ಹೇಳ್ದೆ ಸಮುದ್ರಕ್ಕೆ ಹೊರಡೋದೂ ಸರಿಯಲ್ಲ. ಎರಡೂ ಸಮ ಹೋಯ್ತು. ಮಡ್ಲು ತುಂಬಿ ಕಳ್ಸಿ" ಎಂದರು. ಎರಡೂ ಸಮವಂತೆ! "ನಿಮ್ಮ ಬೆನ್ನು ಕೊಡಿ ಇಲ್ಲಿ, ಸಮ ಮಾಡ್ತೀನಿ" ಎಂದು ನಾನು ಅರಚಿದೆ. ಭಾವ ನನ್ನ ಕಡೆ ತಿರುಗಿಯೂ ನೋಡದೆ ಬೆಲ್ಲ ಬಾಯಿಗೆ ಹಾಕಿಕೊಂಡ. ಅವ್ವ ಎದ್ದು ಒಳಗೆ ಹೋಗಿ ಅಕ್ಕಿಯ ಮೊರ ತಂದಳು.

ನಾನು ಆ ಮೊರಕ್ಕೆ ಒದೆಯಲು ಕಾಲೆತ್ತಿದ್ದೆ. ಅಷ್ಟರಲ್ಲಿ ಅಕ್ಕ ಹೋಗಿ ದೇವರ ಗೂಡಿನ ಮುಂದೆ ಸೆರಗೊಡ್ಡಿ ನಿಂತುಬಿಟ್ಟಳು. ಅವ್ವ ಅಕ್ಕಿ ಹೊಯ್ದಳು, ಬೆಲ್ಲ ಇಟ್ಟಳು, ಕಾಯಿ ಇಟ್ಟಳು, ಕುಂಕುಮ ಹಚ್ಚಿದಳು. ಆಮೇಲೆ ಜಗಲಿಗೆ ಕೇಳದಂತೆ, "ಮಡ್ಲು ತುಂಬಿದೀನಿ, ಇನ್ನು ಕೂರಂಗಿಲ್ಲ, ಹೊರಡು. ಎಲ್ಲಿಗೆ ಅಂತ ಈ ಸಲ ನಾನು ಹೇಳಲ್ಲ" ಎಂದಳು. ನನ್ನ ಕಡೆ ನೋಡಿ, "ನಿನ್ನ ಗಾಡೀಲಿ ಎಣ್ಣೆ ಐತೇನೇ?" ಎಂದಳು. ಅವ್ವನ ಬಾಯಲ್ಲಿ ಆ ಮಾತು ಕೇಳಲು ನಾವಿಬ್ಬರೂ ಮುದುಕಿಯರಾಗಬೇಕಾಯಿತು. ನನಗೆ ಅಳು ಬಂತು, ಅವ್ವನನ್ನು ತಬ್ಬಿಕೊಳ್ಳಬೇಕೆನಿಸಿತು, ಆದರೆ ಹೊತ್ತಿರಲಿಲ್ಲ.

ಬೀದಿಯಲ್ಲಿ ಭಾವ ಬೈಕಿನ ಮೇಲೆ ಕೂತು ಹಿಂದಿನ ಸೀಟು ತಟ್ಟಿದ. ಅಕ್ಕ ಅವನನ್ನು ದಾಟಿ ಬಂದು ನನ್ನ ಸ್ಕೂಟರು ಹತ್ತಿದಳು. ಹಿರಿಯರು ಬಾಯಿ ತೆರೆಯುವಷ್ಟರಲ್ಲಿ ನಾನು ಊರ ಹೊರಗಿದ್ದೆ. ಕಡೂರಿನವರೆಗೆ ಹಿಂದೆ ನೋಡಲಿಲ್ಲ. ಅಕ್ಕ ಮಡಿಲನ್ನು ಗಂಟು ಬಿಗಿದು ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ಕೈಯಿಂದ ನನ್ನ ಸೊಂಟ ಹಿಡಿದಿದ್ದಳು. ಸ್ಟೇಷನ್ನಿನಲ್ಲಿ ಗಾಡಿ ನಿಲ್ಲಿಸಿ, ಟಿಕೆಟ್ ತಗೊಂಡು ಪ್ಲಾಟ್‌ಫಾರಮ್ಮಿಗೆ ಬಂದೆವು. ಬೆಂಗಳೂರಿನ ರೈಲು ಇನ್ನೇನು ಬರುತ್ತದೆ ಎಂದು ಮೈಕಿನಲ್ಲಿ ಹೇಳುತ್ತಿದ್ದರು.

ಅವನು ಯಾವ ಕಡೆಯಿಂದ ಬಂದನೋ ಕಾಣಲಿಲ್ಲ. ಅಕ್ಕನ ತುರುಬಿಗೆ ಕೈ ಹಾಕಿ ಹಿಂದಕ್ಕೆ ಎಳೆದ. ಅವಳು ಅಂಗಾತ ಬಿದ್ದಳು. ಕೂದಲು ಹಿಡಿದುಕೊಂಡೇ ಮೆಟ್ಟಿಲ ಕಡೆಗೆ ದರದರ ಎಳೆದುಕೊಂಡು ಹೊರಟ. ಜನ ಎದ್ದು ನಿಂತರು. ಯಾರೋ ಒಬ್ಬರು ಮುಂದೆ ಬಂದರು. "ನನ್ನ ಹೆಂಡ್ತಿ ಕಣ್ರೀ" ಎಂದ. ಅಷ್ಟಕ್ಕೇ ಅವರೆಲ್ಲ ಹಿಂದೆ ಸರಿದರು. ನಾನು ಹಾರಿ ಅವನ ಸೊಂಟಕ್ಕೆ ಬಿದ್ದೆ. ಕಬಡ್ಡಿಯಲ್ಲಿ ಹುಡುಗಿಯರಿಗೆ ವರ್ಷಗಟ್ಟಲೆ ಹೇಳಿಕೊಟ್ಟ ಪಟ್ಟು. ಅವನು ಮೊಣಕೈಯಿಂದ ನನ್ನ ಬಾಯಿಗೆ ಗುದ್ದಿದ. ಒಂದು ಹಲ್ಲು ನಾಲಿಗೆಯ ಮೇಲೆ ಬಿತ್ತು. ನಾನು ರಕ್ತ ಉಗುಳುತ್ತ ಕುಸಿದೆ, ಅವನು ನನಗೆ ಇನ್ನೊಂದು ಒದೆಯಲು ಅಕ್ಕನ ಕೂದಲು ಬಿಟ್ಟ.

ಅಕ್ಕ ಎದ್ದಳು. ಎರಡೂ ಕೈಯಲ್ಲಿ ಮಡಿಲಿನ ಗಂಟನ್ನು ಹಿಡಿದು, ಒನಕೆ ಎತ್ತಿದ ಹಾಗೆ ಎತ್ತಿ ಬೀಸಿದಳು. ಒಳಗಿದ್ದ ತೆಂಗಿನಕಾಯಿ ಅವನ ಕಿವಿಯ ಮೇಲೆ ಕೂತಿತು. ಆ ಸದ್ದು ಹೇಗಿತ್ತೆಂದು ಹೇಳಲಾರೆ. ಅವನು ಮಂಡಿಯೂರಿದ. ಅಕ್ಕ ಇನ್ನೊಮ್ಮೆ ಬೀಸಿದಳು. ಗಂಟು ಬಿಚ್ಚಿ ಅಕ್ಕಿಯೆಲ್ಲ ಪ್ಲಾಟ್‌ಫಾರಮ್ಮಿನ ಮೇಲೆ ಚೆಲ್ಲಿತು. ಅವನು ಅದರ ಮೇಲೆ ಬೋರಲು ಬಿದ್ದ. ಕಾಯಿ ಒಡೆದು ಹೋಳಾಗಿತ್ತು. ಅವಳು ಒಂದು ಹೋಳನ್ನು ಎತ್ತಿಕೊಂಡು ಮತ್ತೆ ಬಗ್ಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಮುಗಿಯದ ಕೆಲಸವೊಂದನ್ನು ಮುಗಿಸುತ್ತಿರುವವಳಂತೆ ಇದ್ದಳು. ನನಗೇ ಹೆದರಿಕೆಯಾಯಿತು. ಅವಳ ರಟ್ಟೆ ಹಿಡಿದು ಎಳೆದೆ. ರೈಲು ಬಂದು ನಿಂತಿತ್ತು. ನೂಕಿಕೊಂಡು ಹತ್ತಿಸಿದೆ. ತಡೆಯಲು ಯಾರೂ ಬರಲಿಲ್ಲ, ಜನ ದಾರಿ ಬಿಟ್ಟರು.

ರೈಲು ಹೊರಟಮೇಲೆ ಅಕ್ಕ ಸೀರೆಗೆ ಅಂಟಿದ ಅಕ್ಕಿಕಾಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ನಾನು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದೆ. ಅರಸೀಕೆರೆ ಹತ್ತಿರ ಬರುವಾಗ ಮೆಲ್ಲಗೆ ಕೇಳಿದಳು.

"ಸತ್ತೋದನೇನೇ?"

"ಇಲ್ಲ ಕಣೇ. ಕಿಟಕೀಲಿ ನೋಡ್ದೆ, ಎದ್ದು ಕೂತಿದ್ದ. ಯಾರೋ ನೀರು ಕುಡಿಸ್ತಿದ್ರು."

"ಸರಿಯಾಗಿ ನೋಡಿದ್ಯಾ?"

"ನೋಡಿದೀನಿ. ಕಣ್ಣು ಬಿಟ್ಕಂಡು ಬೈಯ್ತಿದ್ದ. ನೀನೇನು ಹೆದರ್ಬೇಡ."

ಅವಳಿಗೆ ಸಮಾಧಾನವಾಗಲಿ ಎಂದು ಹೇಳಿದ್ದೆ. ಅಕ್ಕ ಊದಿದ ಕಣ್ಣನ್ನು ಸೆರಗಿನ ತುದಿಯಿಂದ ಒತ್ತಿಕೊಂಡು, ನೆಟ್ಟಗೆ ಕೂತಳು.

"ಸತ್ತಿದ್ರೆ ಮಣ್ಣು ಮಾಡಕ್ಕೆ ವಾಪಸ್ ಹೋಗ್ಬೇಕಿತ್ತು" ಎಂದಳು. "ಬದುಕವ್ನಲ್ಲ. ನನ್ನ ತಿರುಗಿ ಬರೋ ಟಿಕೆಟ್ ಕ್ಯಾನ್ಸಲ್ ಮಾಡ್ಸು."